ಉಜ್ಜನಪ್ಪನವರ ಬೀಗ

ಒಂದು ಕಾಲದಲ್ಲಿ ದಾವಣಗೆರೆ ಕಡೆ ಹೆಣ್ಣು ನೋಡಲು ಬಂದವರ ಮುಂದೆ ಮನೆಯವರು ಎದೆಯುಬ್ಬಿಸಿ ಹೇಳುತ್ತಿದ್ದ ಮಾತೊಂದಿತ್ತು: ‘ನಮ್ಮ ಹೊಸಿಲನ್ನ ಉಜ್ಜನಪ್ಪ ತುಳಿದಿಲ್ಲ.’ ಪರ ಊರಿನವರಿಗೆ ಇದು ಬೈಗುಳದ ಹಾಗೆ ಕೇಳಿಸೀತು. ಬೈಗುಳವಲ್ಲ, ಮನೆತನಕ್ಕೆ ಸಿಕ್ಕ ಸರ್ಟಿಫಿಕೇಟು. ಅದನ್ನು ಕೊಡುತ್ತಿದ್ದವರು ತಾವೇ ಅದನ್ನು ಹೇಗೆ ಹರಿದುಹಾಕಿದರು ಎಂಬುದನ್ನು ನಾನು ಹೇಳಲೇಬೇಕು. ಊರಲ್ಲಿ ಹೇಳುವವರೆಲ್ಲ ತಪ್ಪುತಪ್ಪಾಗಿ ಹೇಳುತ್ತಾರೆ, ಕೇಳಿದರೆ ಮೈ ಉರಿಯುತ್ತದೆ.

ಉಜ್ಜನಪ್ಪನವರು ಸಂಬಂಧ ಕೂಡಿಸುವವರು. ಮಂಡಿಪೇಟೆಯ ಒಂದು ಅಕ್ಕಿ ಅಂಗಡಿಯ ಮಹಡಿಯ ಮೇಲೆ ಅವರ ವಧು-ವರರ ಕೇಂದ್ರ. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ, ಊರವರ ಮಕ್ಕಳ ಮದುವೆಯೇ ಅವರ ಸಂಸಾರ. ನಾನು ವಾಣಿ, ಬಿ.ಕಾಂ. ಮುಗಿಸಿ ಅಲ್ಲಿ ಟೈಪು ಮಾಡಲು ಸೇರಿದವಳು. ಊರಿಗೆಲ್ಲ ಗಂಡು ಹುಡುಕುವ ಕಚೇರಿಯಲ್ಲಿ ಕೂತು ನಾನು ಮಾತ್ರ ಮದುವೆಯಾಗದೆ ಇದ್ದೆ. ಮೆಟ್ಟಿಲು ಹತ್ತಿ ಬಂದ ಹೆಂಗಸರು ಮೊದಲು ನನ್ನನ್ನೇ ಮೇಲಿಂದ ಕೆಳಗೆ ಅಳೆದು, “ಇದೇ ಹುಡುಗಿ ಏನ್ರಿ?” ಅನ್ನುತ್ತಿದ್ದರು. “ಅಲ್ಲ, ನಾನು ರಸೀದಿ ಬರಿಯೋಳು” ಎಂದು ನಾನು ಮುಖ ಸಿಂಡರಿಸುತ್ತಿದ್ದೆ. ಅಜ್ಜಾರು ಮೀಸೆಯೊಳಗೆ ನಗುತ್ತಿದ್ದರು. ಉಜ್ಜನಪ್ಪನವರನ್ನು ನಾನು ಕರೆಯುತ್ತಿದ್ದದ್ದು ಅಜ್ಜಾರೆ ಅಂತಲೇ.

ಅವರ ಕೆಲಸದ ರೀತಿಯೇ ಬೇರೆ. ಯಾವ ಮನೆಯಲ್ಲಿ ಒಂದು ಐಬು ಇರುವುದಿಲ್ಲ ಹೇಳಿ? ಒಬ್ಬರಿಗೆ ಮೂರ್ಛೆರೋಗ, ಇನ್ನೊಬ್ಬರ ಅಣ್ಣ ಜೈಲಿಗೆ ಹೋಗಿಬಂದವನು, ಮತ್ತೊಂದು ಕಡೆ ಮುರಿದುಬಿದ್ದ ಮೊದಲ ಮದುವೆ. ಎರಡೂ ಕಡೆಯವರು ಅದನ್ನು ಅಜ್ಜಾರ ಕಿವಿಗೆ ಹಾಕಬೇಕು. ಸಂಬಂಧ ಹಣ್ಣಾಗುವ ಹೊತ್ತಿಗೆ ಅಜ್ಜಾರು ಎದುರಿನ ಕಡೆಯ ಹಿರಿಯರೊಬ್ಬರನ್ನು ಮಾತ್ರ ರೈಲ್ವೆ ಪ್ಲಾಟ್‌ಫಾರ್ಮಿನ ತುದಿಗೆ ಕರೆದುಕೊಂಡು ಹೋಗಿ, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದರು. ಒಪ್ಪುವುದು ಬಿಡುವುದು ಆ ಹಿರಿಯರಿಗೆ ಬಿಟ್ಟದ್ದು, ಆದರೆ ಕೇಳಿದ್ದನ್ನು ಹೆಂಡತಿಗೂ ಹೇಳುವಂತಿಲ್ಲ. ತಾಂಬೂಲ ಬದಲಾಯಿಸಿದ ಮೇಲೆ ಅಜ್ಜಾರು ಆ ಮನೆಗಳ ಕಡೆ ತಲೆ ಹಾಕಿಯೂ ಮಲಗುತ್ತಿರಲಿಲ್ಲ. ಮದುವೆ ಊಟಕ್ಕೂ ಹೋಗುತ್ತಿರಲಿಲ್ಲ. “ನನ್ನ ಮಾರಿ ಕಂಡ್ರೆ ಅವ್ರಿಗೆ ಹಳೇದು ನೆನಪಾಗ್ತೈತೆ ನೋಡವ್ವ. ಹೊಸ ಸಂಸಾರದ ಮುಂದೆ ಅದನ್ಯಾಕ ತಗಂಡು ಹೋಗ್ಲಿ?” ಎನ್ನುತ್ತಿದ್ದರು. ಅವರು ಬರಲಿಲ್ಲವೆಂದರೆ ಆ ಮನೆಯಲ್ಲಿ ಎಲ್ಲ ಸರಿಯಾಗಿದೆ, ಬಂದರೆ ಏನೋ ಐಬು ಎದ್ದಿದೆ ಎಂದೇ ಊರು ತಿಳಿಯುತ್ತಿತ್ತು.

ಹರಿಹರದ ಬಸವಣ್ಣೆಮ್ಮನ ಮದುವೆಯೂ ಹಾಗೇ ಆಗಿದ್ದು. ಸಣ್ಣ ಹುಡುಗಿಯಾಗಿದ್ದಾಗ ಆಕೆಗೆ ಕುಷ್ಠವಾಗಿತ್ತು. ಮಾತ್ರೆ ನುಂಗಿ ನುಂಗಿ ಪೂರ್ತಿ ವಾಸಿಯಾಗಿ, ಡಾಕ್ಟರು ಇನ್ನೇನೂ ಇಲ್ಲವೆಂದು ಬರೆದುಕೊಟ್ಟ ಮೇಲೆಯೇ ಗಂಡು ನೋಡಿದ್ದು. ಪ್ಲಾಟ್‌ಫಾರ್ಮಿನ ತುದಿಯಲ್ಲಿ ವಿಷಯ ಕೇಳಿದ ಅವಳ ಮಾವ, “ವಾಸಿ ಆಗೈತಲ್ಲ, ಮತ್ತೇನು? ನಮ್ಮ ಹುಡುಗನ ತಲೆನೂ ಅಂಥ ಚುರುಕೇನಲ್ಲ ಬಿಡ್ರಿ” ಅಂದಿದ್ದರಂತೆ. ಎಂಥ ದೊಡ್ಡ ಮನುಷ್ಯ! ಆ ಮಾತನ್ನು ಎದೆಯಲ್ಲಿಟ್ಟುಕೊಂಡೇ ಸತ್ತರು. ಗಂಡ ಪಂಚಾಕ್ಷರಪ್ಪನಿಗೆ ಏನೂ ಗೊತ್ತಿಲ್ಲ, ಹರಿಹರದಲ್ಲಿ ಅವನದು ಭತ್ತದ ವ್ಯಾಪಾರ. ಒಬ್ಬಳೇ ಮಗಳು ರಶ್ಮಿತಾ. ಈ ಕತೆ ನಡೆಯುವ ಹೊತ್ತಿಗೆ ಶಾಮನೂರಿನ ಒಳ್ಳೆಯ ಮನೆತನದ ಹುಡುಗನ ಜೊತೆ ಅವಳ ನಿಶ್ಚಿತಾರ್ಥ ಆಗಿಹೋಗಿತ್ತು. ಇಷ್ಟೆಲ್ಲ ನನಗೆ ಗೊತ್ತಾದದ್ದು ಎಲ್ಲ ಮುಗಿದ ಮೇಲೆ. ಈಗ ಊರಿಗೇ ಗೊತ್ತಿರುವಾಗ ನಾನೊಬ್ಬಳು ಬಾಯಿ ಹೊಲಿದುಕೊಂಡು ಕೂತು ಏನು ಪ್ರಯೋಜನ?

ದಾವಣಗೆರೆ ಜಿಲ್ಲೆಯಾದ ವರ್ಷ ಅಜ್ಜಾರಿಗೆ ಸಣ್ಣದಾಗಿ ಲಕ್ವ ಹೊಡೆಯಿತು. ಕೈಕಾಲು ಸರಿಹೋದವು, ನೆನಪು ಮಾತ್ರ ಅಲ್ಲಲ್ಲಿ ತೂತುಬಿತ್ತು. ಮೂರ್ಛೆರೋಗವಿದ್ದ ಎರಡು ಮನೆಗಳಿಗೆ ತಾವೇ ಸಂಬಂಧ ಕೂಡಿಸಿಬಿಟ್ಟು, ನಿಶ್ಚಿತಾರ್ಥದ ಬೆಳಿಗ್ಗೆ ನೆನಪಾಗಿ ಛತ್ರದ ಬಾಗಿಲಿಗೆ ಓಡಿ ಹಿರಿಯರನ್ನು ತಡೆದು ನಿಲ್ಲಿಸಿದರು. ಅವತ್ತು ಕಚೇರಿಗೆ ಬಂದವರೇ, “ಇನ್ನು ತಲ್ಯಾಗೆ ಇಟ್ಕಳೋದು ಪಾಪ ವಾಣವ್ವ. ಎಲ್ಲಾದ್ರೂ ಬರೆದಿಡಬೇಕು” ಎಂದರು. ಆದರೆ ಬರೆದದ್ದು ಯಾರ ಕೈಗಾದರೂ ಸಿಕ್ಕಿದರೆ?

ಅವರ ಹೆಂಡತಿಯ ತಂಗಿಯ ಮಗ ನಾಗಭೂಷಣ್, ಇಂಜಿನಿಯರಿಂಗ್ ಕಾಲೇಜಿನ ಮೇಷ್ಟ್ರು, ಒಂದು ಹಳೆಯ ಕಂಪ್ಯೂಟರ್ ತಂದು ಹಾಕಿಕೊಟ್ಟ. ಅದರಲ್ಲಿ ಬೀಗದ ಪ್ರೋಗ್ರಾಮೂ ಇತ್ತು. “ಇದಕ್ಕೆ ಎರಡು ಕೀಲಿ ದೊಡ್ಡಪ್ಪ. ಬೀಗ ಹಾಕೋ ಕೀಲಿ ಕಂಪ್ಯೂಟರ್‌ನಾಗೇ ಇರ್ತೈತೆ, ಯಾರು ನೋಡಿದ್ರೂ ಚಿಂತಿಲ್ಲ. ತೆಗೆಯೋದು ಈ ಫ್ಲಾಪಿಯಾಗೈತೆ. ಇದು ನಿಮ್ಮ ಹತ್ರ ಮಾತ್ರ.” ಅಜ್ಜಾರು ತಲೆದೂಗಿ, “ಗುಡಿ ಹುಂಡಿ ಅನ್ನು. ಹಾಕೋರು ಎಲ್ರೂ, ತೆಗೆಯೋನು ಒಬ್ನೇ” ಎಂದರು. ನಾನು ಹೆಸರು, ಓದು, ಗೋತ್ರದ ಹಾಗಿರುವ ಬೆಡಗು, ನೌಕರಿ ಟೈಪು ಮಾಡುವುದು, ಅವರು ಬಾಗಿಲು ಮುಂದೆ ಮಾಡಿಕೊಂಡು ಒಂದೇ ಬೆರಳಲ್ಲಿ ಉಳಿದದ್ದನ್ನು ಕುಟ್ಟುವುದು. ಫ್ಲಾಪಿ ಸದಾ ಅವರ ಒಳಅಂಗಿಯ ಜೇಬಿನಲ್ಲಿ. ಕೆಲವು ತಿಂಗಳು ಅವರು ನೆಮ್ಮದಿಯಾಗಿ ನಿದ್ದೆ ಮಾಡಿದರು ಅಂತ ಕಾಣುತ್ತದೆ.

ಮರುವರ್ಷ ಕಂಪ್ಯೂಟರ್ ಕೆಟ್ಟು ಕೂತಿತು. ರಿಪೇರಿ ಮಾಡಿದ ಪುಣ್ಯಾತ್ಮ ಒಳಗಿದ್ದದ್ದನ್ನೆಲ್ಲ ತನ್ನಲ್ಲೂ ಒಂದು ಕಾಪಿ ಇರಲಿ ಅಂತ ಇಳಿಸಿಕೊಂಡಿದ್ದ. ಎಲ್ಲ ಗಿರಾಕಿಗಳದ್ದೂ ಹಾಗೇ ಇಳಿಸಿಕೊಳ್ಳುತ್ತಿದ್ದನಂತೆ, ಒಳ್ಳೆಯದಕ್ಕೇ ಅಂತೆ. ಅದು ಅಲ್ಲಿಂದ ಗಿಡ್ಡಪ್ಪನ ಕೈಸೇರಿತು. ಗಿಡ್ಡಪ್ಪ ಯಾರೆಂದರೆ ಛತ್ರದವರಿಂದ, ಬ್ಯಾಂಡ್‌ಸೆಟ್ಟಿನವರಿಂದ ಪಾಲು ತಿಂದುಕೊಂಡು ಸಂಬಂಧ ಕುದುರಿಸುವ ಆಸಾಮಿ. ಒಂದು ಮಧ್ಯಾಹ್ನ ಮೆಟ್ಟಿಲು ಹತ್ತಿ ಬಂದು, ಕೂರು ಎನ್ನುವ ಮುಂಚೆಯೇ ಕೂತ.

“ಏನ್ ಉಜ್ಜನಪ್ನೋರೆ, ನಿಮ್ಮ ಹೊಟ್ಟ್ಯಾಗಿಂದೆಲ್ಲ ನಮ್ಮ ಮನ್ಯಾಗೈತೆ. ಬೀಗ ತೆಗೆಯೋದೊಂದು ಬಾಕಿ ನೋಡ್ರಿ!”

ಅಜ್ಜಾರು ಎದ್ದು ನಿಂತು ಕೈಮುಗಿದರು. ನಾನು ಅದನ್ನು ನೋಡಬಾರದಿತ್ತು. “ಗಿಡ್ಡಪ್ಪ, ಅದು ನನ್ದಲ್ಲಪ್ಪ, ಊರಿಂದು. ವಾಪಸ್ ಕೊಟ್ಬಿಡು.”

“ಒಂದ್ಯಾಕ, ನಾಕು ಕೊಡ್ತೀನಿ ತಗಳ್ರಿ. ಕಾಪಿ ಅಲ್ವೇನ್ರಿ ಅದು?” ಎಂದು ಅವನು ಹಲ್ಲುಕಿರಿದ. ನಾನು ಮಸಿ ಬಾಟಲಿ ಎತ್ತಿಕೊಂಡೆ. “ಏಯ್ ಹುಡುಗಿ, ನಿನಗೂ ಒಂದು ಗಂಡು ನೋಡ್ಲೇನು?” ಎಂದು ನಗುತ್ತಲೇ ಇಳಿದುಹೋದ. ಬಾಟಲಿ ಎಸೆಯಲಿಲ್ಲವಲ್ಲ ಎಂದು ಇವತ್ತಿಗೂ ಕೈ ಕೈ ಹಿಸುಕಿಕೊಳ್ಳುತ್ತೇನೆ.

ಸಂಜೆ ನಾಗಭೂಷಣ್ ಬಂದ. ವಿಷಯ ಕೇಳಿ ನಕ್ಕುಬಿಟ್ಟ. “ತಲೆ ಕೆಡಿಸ್ಕಬ್ಯಾಡ್ರಿ ದೊಡ್ಡಪ್ಪ. ಈ ಬೀಗ ಅಂದ್ರೆ ಎರಡು ದೊಡ್ಡ ಸಂಖ್ಯೆ ಗುಣಿಸಿ ಇಟ್ಟಿರೋದು. ಗುಣಿಸೋದು ಸಲೀಸು. ಗುಣಿಸಿ ಬಂದದ್ದನ್ನ ನೋಡಿ ಆ ಎರಡು ಯಾವು ಅಂತ ಹುಡುಕ್ಬೇಕಾದ್ರೆ ಈಗಿರೋ ಕಂಪ್ಯೂಟರೆಲ್ಲ ಸೇರಿದ್ರೂ ನಮ್ಮ ಮೊಮ್ಮಕ್ಕಳ ಕಾಲಕ್ಕೂ ಮುಗಿಯಲ್ಲ. ಗಿಡ್ಡಪ್ಪ ಅದನ್ನ ಪೂಜೆ ಮಾಡ್ಕಂಡು ಇಟ್ಕಂತಾನೆ ಅಷ್ಟೇ.”

ಅಜ್ಜಾರ ಮುಖ ಅರಳಿತು. ಅಲ್ಲಿಗೇ ಅವನು ಟೀ ಕುಡಿದು ಹೋಗಿದ್ದರೆ ಏನಾಗುತ್ತಿತ್ತು? ಮೇಷ್ಟ್ರಲ್ಲವೇ, ಪಾಠ ಪೂರ್ತಿ ಮಾಡಲೇಬೇಕು. “ಆದ್ರೆ ಒಂದು ಮಾತು ಹೇಳಿಬಿಡ್ತೀನಿ. ಕ್ವಾಂಟಮ್ ಕಂಪ್ಯೂಟರ್ ಅಂತ ಒಂದು ಹೊಸ ಥರದ ಯಂತ್ರದ ಮಾತು ನಡೆದೈತೆ. ಅಣುಗಳನ್ನ ಹಿಡ್ಕಂಡು ಲೆಕ್ಕ ಮಾಡ್ಸೋದು. ಈಗ ಅದಕ್ಕೆ ಅಂಬೆಗಾಲೂ ಬಂದಿಲ್ಲ. ಅದು ಬೆಳೆದು ದೊಡ್ಡದಾದ್ರೆ ಇಂಥ ಬೀಗ ನಿಲ್ಲಲ್ಲ ಅಂತ ಕಾಗದದ ಮೇಲೆ ಲೆಕ್ಕ ಮಾಡಿ ತೋರ್ಸಿದಾರೆ.”

“ಎಷ್ಟು ವರ್ಷಕ್ಕೆ?”

“ಯಾರಿಗೆ ಗೊತ್ತು ದೊಡ್ಡಪ್ಪ? ಇಪ್ಪತ್ತೋ ಮೂವತ್ತೋ. ಆಗದೇನೂ ಇರಬಹುದು.”

“ಹಂಗಾದ್ರೆ ಆ ಯಂತ್ರಕ್ಕೂ ಜಗ್ಗದಂಥ ಬೀಗ ಈಗ್ಲೇ ಹಾಕು.”

“ಅಂಥ ಬೀಗ ಇನ್ನೂ ಯಾರ ಕೈಗೂ ಬಂದಿಲ್ಲ. ಬಂದ್ರೂ ನಮ್ಮ ಕಾಪಿಗೆ ಹಾಕ್ಬಹುದು. ಗಿಡ್ಡಪ್ಪನ ಹತ್ರ ಇರೋದಕ್ಕೆ ಹೆಂಗೆ ಹಾಕ್ತೀರಿ? ಅದು ಹಳೇ ಬೀಗದಾಗೇ ಕುಂತಿರ್ತೈತೆ.” ಇಷ್ಟು ಹೇಳಿ, ಹೇಳಬಾರದಿತ್ತು ಎಂದು ಅವನಿಗೇ ಅನ್ನಿಸಿತೋ ಏನೋ, “ಅಷ್ಟೊತ್ತಿಗೆ ಯಾರಿರ್ತಾರೆ ಯಾರಿಲ್ಲ, ಬಿಡ್ರಿ” ಎಂದ.

“ನಾನಿರಲ್ಲ. ನೀನು ಹೇಳೋ ಆ ಕಾಲಕ್ಕೆ ಇವತ್ತು ಮದುವೆಯಾಗೋ ಹುಡುಗೀರ ಮಕ್ಕಳು ಮದುವೆಗೆ ಬಂದಿರ್ತಾರೆ” ಎಂದರು ಅಜ್ಜಾರು. ನನಗೂ ವಿಷಯದ ಆಳ ಹೊಳೆದದ್ದು ಆವತ್ತೇ. ಸಾಲದ ಲೆಕ್ಕ, ಸರಕಿನ ಬೆಲೆ ಇಪ್ಪತ್ತು ವರ್ಷಕ್ಕೆ ಹಳಸಿಹೋಗುತ್ತದೆ. ಮನೆತನದ ಐಬು ಹಳಸುವುದಿಲ್ಲ, ನಮ್ಮ ಜನ ಹಳಸಲು ಬಿಡುವುದಿಲ್ಲ.

ಅಲ್ಲಿಂದ ಮುದುಕರಿಗೆ ಅದೊಂದೇ ಹುಚ್ಚು. ಬೇರೆಲ್ಲ ಮರೆಯುತ್ತಿದ್ದರು, ಇದನ್ನು ಮಾತ್ರ ಮರೆಯಲಿಲ್ಲ. “ನಂಬಿ ನನ್ನ ಕಿವಿಗೆ ಹಾಕಿದ್ರು. ಅದು ಹೊರಗೆ ಹೋಗೈತೆ, ಒಂದಲ್ಲ ಒಂದಿನ ಬಿಚ್ಕಂತೈತೆ ಅಂತ ನಾನೇ ಹೇಳ್ಬೇಕಲ್ವೇನವ್ವ? ಯಂತ್ರದ ಬಾಯಿಂದ ಕೇಳೋಕಿಂತ ಮಕ್ಕಳು ತಾಯಿ ಬಾಯಿಂದ ಕೇಳ್ಲಿ.” ಕೇಂದ್ರಕ್ಕೆ ಬಂದುಹೋಗಿ ಎಂದು ಕೆಲವರಿಗೆ ಹೇಳಿಕಳಿಸಿದರು. ಒಂದು ನರಪಿಳ್ಳೆಯೂ ಬರಲಿಲ್ಲ. ಮದುವೆಯಾಗಿ ಮಕ್ಕಳಾದ ಮೇಲೆ ಯಾರು ತಾನೇ ವಧು-ವರರ ಕೇಂದ್ರದ ಮೆಟ್ಟಿಲು ಹತ್ತುತ್ತಾರೆ? ಆಗ ಬಿಳಿ ಪಂಚೆ ಉಟ್ಟು, ಟೋಪಿ ಹಾಕಿಕೊಂಡು ತಾವೇ ಹೊರಟರು. ನನಗೆ ಹೇಳಿದ್ದು ‘ಊರ ಕಡೆ ಕೆಲಸ ಐತೆ’ ಅಂತ.

ನನಗೆ ತಿಳಿದದ್ದು ತರಕಾರಿ ಮಾರುವ ಚೌಡವ್ವನಿಂದ. ಬದನೆಕಾಯಿ ಆರಿಸುತ್ತಿದ್ದೆ. ಆಕೆ ತಕ್ಕಡಿ ಹಿಡಿದುಕೊಂಡೇ ಹತ್ತಿರ ಬಾಗಿ, “ನಿಮ್ಮ ಅಜ್ಜಾರು ಲೋಕಿಕೆರ್ಯಾಗೆ ಒಂದು ಮನಿಗೆ ಹೋಗಿದ್ರಂತಲ್ಲ ತಂಗಿ? ಮಲೆಬೆನ್ನೂರಾಗೂ ಹೋಗಿದ್ರಂತೆ. ಆ ಮನೇರಿಗೇನು ರೋಗ?” ಅಂದಳು. ಪಕ್ಕದಲ್ಲಿ ಕೊತ್ತಂಬರಿ ಮಾರುವವಳು ಆಗಲೇ ಇನ್ನೂ ಎರಡು ಮನೆಯ ಹೆಸರು ಸೇರಿಸಿದಳು. ಬೀಗ ಒಡೆಯುವುದೇ ಬೇಕಾಗಿರಲಿಲ್ಲ. ಯಾವ ಮನೆಗೆ ಹೋದರು ಎನ್ನುವುದೇ ಸಾಕಾಗಿತ್ತು. ಐಬು ಏನೆಂಬುದನ್ನು ಊರು ತನಗೆ ಬೇಕಾದ ಹಾಗೆ ತುಂಬಿಕೊಳ್ಳುತ್ತಿತ್ತು.

ಬದನೆಕಾಯಿ ಅಲ್ಲೇ ಬಿಟ್ಟು ಕಚೇರಿಗೆ ಓಡಿ, ಬಾಯಿಗೆ ಬಂದ ಹಾಗೆ ಕೂಗಾಡಿದೆ. ಅಜ್ಜಾರು ಕುರ್ಚಿಯಲ್ಲಿ ಕುಸಿದರು. ಈ ಮಾತು ಅವರಿಗೆ ಹೊಳೆದೇ ಇರಲಿಲ್ಲ! ಆಯುಷ್ಯವೆಲ್ಲ ಹೊಸಿಲು ತುಳಿಯದೆ ಬದುಕಿದ ಮನುಷ್ಯ, ಯಾಕೆ ತುಳಿಯುತ್ತಿರಲಿಲ್ಲ ಎನ್ನುವುದನ್ನೇ ಮರೆತಿದ್ದರು. ಆ ಹಾಳು ಲಕ್ವ ಕಿತ್ತುಕೊಂಡದ್ದು ಅದನ್ನೇ. ಸಿಟ್ಟು ಇಳಿದ ಮೇಲೆ ನಾನೇ ಒಂದು ದಾರಿ ಹೇಳಿದೆ. “ಹಿಂಗ್ ಮಾಡ್ರಿ ಅಜ್ಜಾರೆ. ಏನೂ ಐಬಿಲ್ಲದ ಮನೆಗಳಿಗೂ ಹೋಗಿ ಕುಂತು ನೀರು ಕುಡ್ದು ಬರ್ರಿ. ಆಗ ಯಾವ ಮನೆ ಯಾವ್ದು ಅಂತ ಯಾರಿಗೂ ತಿಳಿಯಲ್ಲ.”

ನನ್ನ ಜಾಣತನಕ್ಕೆ ಮೆಚ್ಚುತ್ತಾರೆ ಅಂದುಕೊಂಡಿದ್ದೆ. ಅವರು ನನ್ನನ್ನು ಪರಕೀಯಳ ಹಾಗೆ ನೋಡಿದರು. “ಚೊಕ್ಕ ಇರೋ ಮನೆಗೂ ಮಸಿ ಬಳೀಲೇನವ್ವ?”

ಮರುದಿನ ಬೆಳಿಗ್ಗೆ ಕಚೇರಿಗೆ ಬೀಗ ಹಾಕಿತ್ತು. ಕೆಳಗಿನ ಅಕ್ಕಿ ಅಂಗಡಿಯವರು, “ಹರಿಹರದ ಬಸ್ ಹತ್ತಿದ್ರು. ‘ಒಂದೇ ಒಂದು ಮನೆ, ಅಲ್ಲಿ ಮದುವೆ ಐತೆ, ಅದಕ್ಕೆ ಮುಂಚೆ ತಾಯಿಗೆ ಹೇಳ್ಲೇಬೇಕು’ ಅಂದ್ರು” ಎಂದರು. ಹರಿಹರದ ನಮ್ಮ ಹಳೆಯ ಗಿರಾಕಿಗಳಲ್ಲಿ ಮದುವೆ ಗೊತ್ತಾಗಿದ್ದದ್ದು ಒಂದೇ ಮನೆಯಲ್ಲಿ, ನಾನು ಮುಂದಿನ ಬಸ್ಸು ಹತ್ತಿದೆ. ಹರಿಹರದಲ್ಲಿಳಿದು ಭತ್ತದ ಪಂಚಾಕ್ಷರಪ್ಪನ ಮನೆ ಕೇಳಿಕೊಂಡು ಹೋಗುವಷ್ಟರಲ್ಲಿ ಹೊರಗೆ ಕಟ್ಟೆಯ ಮೇಲೆ ಆ ಮನುಷ್ಯ ಕೂತಿದ್ದ. ಅವನ ಮನೆಯಿಂದ ಅವನನ್ನೇ ಹೊರಗೆ ಕೂರಿಸಿದ್ದರು. ಎದುರು ಮನೆಯ ಹೆಂಗಸು ಅಕ್ಕಿ ಕೇರುವ ನೆಪದಲ್ಲಿ ಈ ಕಡೆಯೇ ನೋಡುತ್ತಿದ್ದಳು.

“ನೀವು ಅವರ ಕಚೇರಿಯೋರಾ? ಏನಂತ್ರಿ? ನಮ್ಮಾಕೆ ಹತ್ರ ಒಬ್ರೇ ಮಾತಾಡ್ಬೇಕಂತೆ” ಎಂದು ಪಂಚಾಕ್ಷರಪ್ಪ ಕೇಳಿದ. ಸಿಟ್ಟಿರಲಿಲ್ಲ, ಬರೀ ಗಾಬರಿ. “ಏನೋ ಹಳೇ ರಸೀದಿ ವಿಷ್ಯ” ಎಂದೆ. ನನ್ನ ಸುಳ್ಳು ನನಗೇ ಸಪ್ಪೆಯಾಗಿತ್ತು.

ಒಳಗಿನಿಂದ ಬಸವಣ್ಣೆಮ್ಮನ ದನಿ ಕೇಳಿತು, ಮೆಲ್ಲಗೆ, ಒಡೆದ ದನಿ. “ಯಾವಾಗ್ಲೋ ಒಡೆಯೋ ಬೀಗಕ್ಕೆ ಇವತ್ತೇ ನಮ್ಮ ಬಾಗ್ಲು ಬಡಿದ್ರಾ ಅಣ್ಣಾರೆ?” ಆಮೇಲೆ ಅಜ್ಜಾರು ಹೊರಗೆ ಬಂದರು. ಚಪ್ಪಲಿ ಅದಲುಬದಲು ಮೆಟ್ಟಿಕೊಂಡರು.

ಆ ವಾರವೇ ಶಾಮನೂರಿನಿಂದ ಗಂಡಿನ ತಂದೆ ಬಂದರು. ಒಳ್ಳೆಯ ಗೃಹಸ್ಥರು, ಜಗಳಕ್ಕೆ ಬಂದವರಲ್ಲ. ಟವೆಲ್ಲು ತೊಡೆಯ ಮೇಲಿಟ್ಟುಕೊಂಡು ಕೂತರು.

“ಉಜ್ಜನಪ್ನೋರೆ, ನಿಮ್ಮ ಬಾಯಾಗೆ ಸುಳ್ಳು ಬರಲ್ಲ ಅಂತ ಬಂದೀನಿ. ಹರಿಹರದ ಮನೆಗೆ ನೀವು ಹೋಗಿದ್ರಂತೆ. ಹುಡುಗಿಯಾಗೆ ಏನಾರ ಐತಾ?”

“ಏನಿಲ್ಲ. ಹುಡುಗಿ ಅಪ್ಪಟ ಬಂಗಾರ” ಎಂದರು ಅಜ್ಜಾರು. ಎಷ್ಟು ಗಟ್ಟಿಯಾಗಿ ಅಂದರು! ನನಗೆ ಹೋದ ಜೀವ ಬಂತು.

“ಹಂಗಾದ್ರೆ ತಾಯಿಯಾಗೆ?”

ಅಜ್ಜಾರು ಬಾಯಿ ತೆರೆದರು. ಇಲ್ಲ ಅನ್ನಿ, ನಿಮ್ಮ ದಮ್ಮಯ್ಯ, ಇಲ್ಲ ಅನ್ನಿ ಎಂದು ನಾನು ಮನಸ್ಸಿನಲ್ಲೇ ಗೋಗರೆದೆ. ಬಾಯಿ ತೆರೆದೇ ಇತ್ತು. ಆಮೇಲೆ, “ಅದನ್ನ ನನ್ನ ಕೇಳ್ಬ್ಯಾಡ್ರಿ” ಎಂದರು.

“ಕೇಳ್ದಂಗೇ ಆತು ಬಿಡ್ರಿ.” ಅವರು ಟವೆಲ್ಲು ಹೆಗಲಿಗೆ ಹಾಕಿಕೊಂಡು ಎದ್ದರು. ಹೋಗುವಾಗ ಅಜ್ಜಾರಿಗೆ ಕೈಮುಗಿದರು ಬೇರೆ.

ಅವರು ಇಳಿದುಹೋದದ್ದೇ ನಾನು ಮೈಮೇಲೆ ಬಂದವಳ ಹಾಗೆ ಎಗರಿದೆ. “ಒಂದು ಸುಳ್ಳು ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು ಅಜ್ಜಾರೆ?”

“ಹೇಳ್ಬೇಕು ಅಂತ್ಲೇ ಬಾಯಿ ತೆಗೆದೆ ವಾಣವ್ವ. ಬರ್ಲಿಲ್ಲ.” ಇಷ್ಟು ಹೇಳಿ ಮುದುಕರು ಮುಖ ಮುಚ್ಚಿಕೊಂಡು ಅತ್ತರು. ನನಗೆ ಅವರ ಮೇಲೆ ಸಿಟ್ಟೂ ಬಂತು, ಮರುಕವೂ ಬಂತು. ಎರಡನ್ನೂ ಏನು ಮಾಡಬೇಕೋ ತಿಳಿಯಲಿಲ್ಲ.

ಕೆಲವು ದಿನ ಬಿಟ್ಟು ಬಸವಣ್ಣೆಮ್ಮ ಬಂದಳು. ನಾನು ಅವಳ ಮುಖ ಸರಿಯಾಗಿ ನೋಡಿದ್ದು ಆಗಲೇ. ಬೈಯಲು ಬಂದಿದ್ದಾಳೆ, ಬೈಯಲಿ ಎಂದುಕೊಂಡೆ. ಅವಳು ಬೈಯಲಿಲ್ಲ. ಕುರ್ಚಿಯ ತುದಿಯಲ್ಲಿ ಕೂತು, ನಾನು ಕೊಟ್ಟ ನೀರಿನ ಲೋಟವನ್ನು ಕೈಯಲ್ಲಿ ಹಿಡಿದುಕೊಂಡೇ ಇದ್ದಳು.

“ಶಾಮನೂರಿನೋರು ತಾಂಬೂಲ ವಾಪಸ್ ಕಳ್ಸಿದ್ರು ಅಣ್ಣಾರೆ. ನಮ್ಮನೆಯೋರು ದಿನಾ ಕೇಳ್ತಿದ್ರು, ಏನೈತೆ ಹೇಳು, ಏನೈತೆ ಹೇಳು ಅಂತ. ಬೀದಿಯಾಗೆ ಏನೇನೋ ಅಂತಿದ್ರು. ನಾನು ಯಾರ ಜೊತೆಗೋ ಓಡಿಹೋಗಿದ್ದೋಳು ಅಂತೂ ಅಂದ್ರು. ಅದಕ್ಕಿಂತ ಖರೇದೇ ವಾಸಿ ಅಂತ ಹೇಳ್ಬಿಟ್ಟೆ.”

“ಬೈದ್ರೇನವ್ವ?” ಎಂದು ಅಜ್ಜಾರು ಕೇಳಿದರು.

“ಬೈಲಿಲ್ಲ. ಕೈ ಎತ್ಲಿಲ್ಲ. ಮೊದ್ಲಿನಂಗೇ ಅದಾರೆ. ಉಣ್ಣಕ್ಕೆ ಕುಂತಾಗ ಮಾತ್ರ, ನಾನು ತೊಳೆದಿಟ್ಟ ತಾಟನ್ನ ತಗಂಡು ಬಚ್ಚಲಿಗೆ ಹೋಗಿ ಇನ್ನೊಂದು ಸಲ ತೊಳ್ಕಂಡು ಬರ್ತಾರೆ. ನನಗೆ ಕಾಣ್ಬಾರ್ದು ಅಂತ ನಲ್ಲಿ ಸಣ್ಣಗೆ ಬಿಡ್ತಾರೆ.”

“ಅದು ವಾಸಿಯಾಗಿ ಎಷ್ಟು ಕಾಲ ಆತು! ಡಾಕ್ಟ್ರು ಬರ್ಕೊಟ್ಟಿದ್ದನ್ನ ನಾನು ಕಣ್ಣಾರೆ ನೋಡೀನಿ. ನಾನು ಬಂದು ಹೇಳ್ತೀನವ್ವ, ಇವತ್ತೇ ಬಂದು...” ಎಂದು ಅಜ್ಜಾರು ಎದ್ದೇಬಿಟ್ಟರು.

“ಬರಬ್ಯಾಡ್ರಿ ಅಣ್ಣಾರೆ. ನಿಮ್ಮ ಕಾಲಿಗೆ ಬೀಳ್ತೀನಿ, ನಮ್ಮನಿಗೆ ಮಾತ್ರ ಇನ್ನ ಬರಬ್ಯಾಡ್ರಿ.”

ಅಜ್ಜಾರು ಮತ್ತೆ ಕೂತರು. “ರಶ್ಮಿತಾ?” ಎಂದರು.

ಬಸವಣ್ಣೆಮ್ಮ ನೀರು ಕುಡಿಯದೆಯೇ ಲೋಟವನ್ನು ಮೇಜಿನ ಮೇಲಿಟ್ಟಳು.

“ನಿನ್ನೆ ಅವಳೂ ಎದ್ದು ಹೋಗಿ ತಾಟು ತೊಳ್ಕಂಡು ಬಂದ್ಲು.”